ಭಾದ್ರಪದವನ್ನು ಒರೆಸಿದ ಗುರುವಾರ

ಲ್ಯಾಪ್‌ಟಾಪ್ ರಿಪೇರಿಗೆ ಇಳಿಯುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಸ್ಕ್ರೂಡ್ರೈವರ್ ಕೊಳ್ಳಬೇಕು ಎಂದು. ಯಾವುದಾದರೂ ಕೊಳ್ಳಿ. ಮೊದಲು ಕಲಿಯಬೇಕಾದದ್ದು ಮುಖ ಇಟ್ಟುಕೊಳ್ಳುವುದನ್ನು. ಹಿಂಬದಿಯ ಮುಚ್ಚಳ ತೆಗೆದಾಗ ಒಳಗೆ ಏನೇ ಕಂಡರೂ, ಎದುರಿಗೆ ಕೂತ ಗಿರಾಕಿಗೆ ನಿಮ್ಮ ಮುಖದಲ್ಲಿ ಏನೂ ಕಾಣಬಾರದು. ನನಗೆ ಈ ವಿದ್ಯೆ ಇಪ್ಪತ್ತೆರಡು ವರ್ಷ ಕಳೆದರೂ ಹತ್ತಲಿಲ್ಲ. ಏನಾದರೂ ಕಂಡ ತಕ್ಷಣ ‘ಅಯ್ಯೋ’ ಎಂದುಬಿಡುತ್ತಿದ್ದೆ. ಗಿರಾಕಿಗಳು ಕುಡಿಯಲು ನೀರು ಕೇಳುತ್ತಿದ್ದರು.

ನನ್ನ ಹೆಸರು ವನಜಾಕ್ಷಿ. ಮನೆ ಭದ್ರಾವತಿ, ಕೆಲಸ ಶಿವಮೊಗ್ಗದ ದುರ್ಗಿಗುಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬಸ್ಸಿನಲ್ಲಿ ಬರುವುದು. ಹೋದ ವರ್ಷ ಬಲಗೈ ಸಣ್ಣಗೆ ನಡುಗಲು ಶುರುವಾಯಿತು. ಅಕ್ಕಿಕಾಳಿಗಿಂತ ಚಿಕ್ಕ ಸ್ಕ್ರೂಗಳ ಜೊತೆ ನಡುಗುವ ಕೈ ಸಂಸಾರ ಮಾಡಲಾರದು ಎಂದು ನಾನೇ ಕೆಲಸ ಬಿಟ್ಟೆ. ಈಗ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಸಂಬಳ ಎಷ್ಟಾಯಿತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇಲ್ಲ. ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಶಾಲನ್ನು ಯಾರೂ ಹೊದಿಸಲಿಲ್ಲ.

ಅಂಗಡಿಯ ಯಜಮಾನರನ್ನು ನಾವೆಲ್ಲ ರಾಯರು ಎನ್ನುತ್ತಿದ್ದೆವು. ರೇಡಿಯೋ ರಿಪೇರಿಯಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರಿಗೆ ಬಂದವರು. ಒಳ್ಳೆಯ ಮನುಷ್ಯ, ಆದರೆ ಅವರ ವ್ಯಾಪಾರವೆಲ್ಲ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಯಂತ್ರ ಬಂದಾಗ ‘ಆಗುತ್ತೆ, ಬಿಟ್ಟು ಹೋಗಿ’. ಯಂತ್ರ ಹಾಳಾದಾಗ ‘ಬಂದಾಗ್ಲೇ ಹಾಗಿತ್ತು’. ಈ ಎರಡು ಮಾತಿನ ನಡುವೆ ಇರುವ ಕೆಲಸವಷ್ಟೂ ನನ್ನದು.

ಮೊದಮೊದಲು ಕಷ್ಟವಿರಲಿಲ್ಲ. ಆಗಿನ ಲ್ಯಾಪ್‌ಟಾಪುಗಳನ್ನು ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತಿತ್ತು. ಹಿಂದೆ ಒಂದು ಪುಟ್ಟ ಕಿಟಕಿ, ಅದಕ್ಕೆ ಎರಡು ಸ್ಕ್ರೂ. ಬಿಚ್ಚಿದರೆ ಮೆಮೊರಿ ಕೈಗೇ ಸಿಗುತ್ತಿತ್ತು. ಎರಡು ಬದಿಯ ಕ್ಲಿಪ್ ಸರಿಸಿದರೆ ಹಳೆಯದು ತಾನಾಗಿ ತಲೆಯೆತ್ತುತ್ತಿತ್ತು, ಹೊಸದನ್ನು ಓರೆಯಾಗಿ ತೂರಿಸಿ ಒತ್ತಿದರೆ ಟಕ್ಕೆಂದು ಕೂರುತ್ತಿತ್ತು. ಗಿರಾಕಿ ಟೀ ಮುಗಿಸುವುದರೊಳಗೆ ಕೆಲಸ ಮುಗಿಯುತ್ತಿತ್ತು.

ಆಮೇಲೆ ತೆಳುವಾದವು ಬಂದವು. ಕಿಟಕಿ ಇಲ್ಲ, ಕ್ಲಿಪ್ ಇಲ್ಲ. ಎರಡು ಸ್ಕ್ರೂ ಕಾಣಿಸಿದರೆ ಇನ್ನೆರಡು ರಬ್ಬರ್ ಕಾಲಿನ ಅಡಿ ಅಡಗಿರುತ್ತಿದ್ದವು. ಮುಚ್ಚಳದ ಸಂದಿಗೆ ಪ್ಲಾಸ್ಟಿಕ್ ಚೂರು ತೂರಿಸಿ ಎಬ್ಬಿಸುವಾಗ ಒಳಗಿನಿಂದ ಲಟಲಟ ಎಂದು ಸದ್ದು ಬರುತ್ತಿತ್ತು. ಆ ಸದ್ದು ಮುಚ್ಚಳದ ಕೊಂಡಿ ಬಿಟ್ಟಿದ್ದೋ ಮುರಿದಿದ್ದೋ ಎಂದು ಗೊತ್ತಾಗುತ್ತಿದ್ದುದು ಮತ್ತೆ ಮುಚ್ಚುವಾಗ.

ಮೊದಲು ಬಂದ ತೆಳು ಯಂತ್ರ ನವುಲೆಯ ಮೇಡಂ ಒಬ್ಬರದು. ಕೃಷಿ ಕಾಲೇಜಿನಲ್ಲಿ ಕೀಟಗಳ ಪಾಠ ಮಾಡುವವರು. ಮೆಮೊರಿ ಎರಡರಷ್ಟು ಮಾಡಿಕೊಡಿ ಎಂದರು. ರಾಯರು ‘ಆಗುತ್ತೆ’ ಎಂದುಬಿಟ್ಟಿದ್ದರು. ತೆಗೆದು ನೋಡುತ್ತೇನೆ, ಮೆಮೊರಿ ಕೂರಿಸುವ ಜಾಗವೇ ಇಲ್ಲ. ಕಪ್ಪು ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿ ಕೂರಿಸಿದ್ದಾರೆ. ಜೊತೆಗೆ ಫ್ಯಾನಿನ ಪಕ್ಕದಲ್ಲಿ ಒಂದು ಜಿರಳೆ. ನಾನು ‘ಅಯ್ಯೋ’ ಎಂದೆ.

“ಸರ್, ಇದ್ರಲ್ಲಿ ಸ್ಲಾಟ್ ಇಲ್ಲ.”

“ಇಲ್ದೇ ಎಲ್ಲಿ ಹೋಗುತ್ತೆ? ಸರಿಯಾಗಿ ನೋಡಮ್ಮ, ಎಲ್ಲೋ ಇರುತ್ತೆ” ಎಂದು ರಾಯರು ಭೂತಗನ್ನಡಿ ಹಿಡಿದು ಬಂದರು. ಬೋರ್ಡಿನ ಮೂಲೆ ಮೂಲೆ ನೋಡಿದರು. ಬ್ಯಾಟರಿಯ ಅಡಿಯಲ್ಲೂ ಹುಡುಕಿದರು. ಅಷ್ಟರಲ್ಲಿ ಮೇಡಂ ರಾಯರ ಕೈಯಿಂದ ಭೂತಗನ್ನಡಿ ಇಸಿದುಕೊಂಡು ಜಿರಳೆಯನ್ನು ನೋಡತೊಡಗಿದರು. “ಇದು ನಮ್ಮನೇಲಿ ಇರೋ ಜಾತಿ ಅಲ್ವೇ ಅಲ್ಲ. ನಿಮ್ಮಂಗಡೀದು” ಎಂದು ತೀರ್ಪು ಕೊಟ್ಟು, ಅದನ್ನು ಒಂದು ಡಬ್ಬಿಗೆ ಹಾಕಿಕೊಂಡು ಸಂತೋಷವಾಗಿ ಹೋದರು. ನಮ್ಮ ಅಂಗಡಿಯ ಇತಿಹಾಸದಲ್ಲಿ ‘ಬಂದಾಗ್ಲೇ ಹಾಗಿತ್ತು’ ಎಂಬ ಮಾತು ನಡೆಯದೆ ಹೋದದ್ದು ಅದೇ ಮೊದಲು.

ಅಂದಿನಿಂದ ಗಿರಾಕಿಗಳಿಗೆ ಮೊದಲೇ ಬಿಡಿಸಿ ಹೇಳುತ್ತಿದ್ದೆ. ಮೆಮೊರಿ ಎಂದರೆ ಅಡುಗೆಮನೆಯ ಕಟ್ಟೆ. ದೊಡ್ಡದಿದ್ದಷ್ಟೂ ಒಟ್ಟಿಗೆ ಹೆಚ್ಚು ಪಾತ್ರೆ ಹರಡಿಕೊಳ್ಳಬಹುದು. ಸ್ಟೋರೇಜ್ ಎಂದರೆ ಉಗ್ರಾಣ. ತೆಳು ಯಂತ್ರಗಳಲ್ಲಿ ಕಟ್ಟೆಯನ್ನು ಕಟ್ಟುವಾಗಲೇ ಗಾರೆ ಹಾಕಿರುತ್ತಾರೆ, ದೊಡ್ಡದು ಮಾಡಲಾಗದು. ಉಗ್ರಾಣವನ್ನು ಮಾತ್ರ ಬದಲಾಯಿಸಬಹುದು. ಅದೂ ಈಚಿನ ಕೆಲವು ಯಂತ್ರಗಳಲ್ಲಿ ಆಗದು. ಇಷ್ಟನ್ನು ಮುಚ್ಚಳ ತೆಗೆಯುವ ಮುಂಚೆ ಹೇಳಿದರೆ ಗಿರಾಕಿಗೆ ನೀವು ಬುದ್ಧಿವಂತರು, ಆಮೇಲೆ ಹೇಳಿದರೆ ಸುಳ್ಳುಗಾರರು.

ಸ್ಕ್ರೂಗಳ ವಿಷಯ. ತೆಳು ಯಂತ್ರದಲ್ಲಿ ಒಂದೊಂದು ತೂತಿಗೆ ಒಂದೊಂದು ಉದ್ದದ ಸ್ಕ್ರೂ. ನೋಡಲು ಎಲ್ಲ ಒಂದೇ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ಹಾಕಿ ಬಿಗಿದರೆ ಆ ಕಡೆ ಮೂತಿ ತೂರಿಸಿ ಬರುತ್ತದೆ. ನಾನು ಒಮ್ಮೆ ಹಾಗೆ ಬಿಗಿದು, ಕೀಬೋರ್ಡಿನ ಪಕ್ಕ ಕೈ ಊರುವ ಜಾಗದಲ್ಲಿ ಒಂದು ಉಬ್ಬು ಎಬ್ಬಿಸಿದ್ದೆ. ರಾಯರು ಗಿರಾಕಿಗೆ ತಮ್ಮ ಎರಡನೆಯ ಮಾತನ್ನು ಹೇಳಿ ಕಳಿಸಿದರು. ಆ ಗಿರಾಕಿ ಬ್ಯಾಂಕಿನ ಮ್ಯಾನೇಜರು. ವರ್ಷದ ಮೇಲೆ ಬಂದು, “ಈ ಬಟನ್ ದಿನಾ ಒತ್ತಿ ನೋಡ್ತೀನಿ ಮೇಡಂ, ಏನೂ ಆಗಲ್ಲ. ರಿಪೇರಿ ಮಾಡಿ” ಎಂದರು.

ಆ ನಾಚಿಕೆಗೆ ನಾನು ಮನೆಯಿಂದ ಪಡ್ಡಿನ ಹಂಚು ತಂದಿಟ್ಟುಕೊಂಡೆ. ಹನ್ನೆರಡು ಗುಳಿ. ಯಂತ್ರದ ಮೂಲೆಗಳ ಲೆಕ್ಕದಲ್ಲೇ ಒಂದೊಂದು ಗುಳಿಗೆ ಒಂದೊಂದು ಸ್ಕ್ರೂ. ಇಷ್ಟು ಚೆನ್ನಾದ ಸಾಧನ ಯಾವ ಕಂಪನಿಯೂ ಮಾಡಿಲ್ಲ. ಅತ್ತೆ ಮಾತ್ರ ಎಂಟು ದಿನ ಮನೆಯೆಲ್ಲ ಹುಡುಕಿ, ಪಕ್ಕದ ಮನೆಯವರ ಮೇಲೆ ಅನುಮಾನಪಟ್ಟು ಮಾತು ಬಿಟ್ಟಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮೂರಿನ ಮುರುಗೇಶಣ್ಣ ಒಮ್ಮೆ ಅಂಗಡಿಗೆ ಬಂದವರು ಹಂಚು ನೋಡಿ, “ಏನಮ್ಮಾ ವನಜಾ, ಇಲ್ಲಿ ಟಿಫನ್ನೂ ಉಂಟಾ?” ಎಂದು ಕೇಳಿದರು. ಸ್ಕ್ರೂ ಮಾತ್ರ ಅಣ್ಣಾ, ಚಟ್ನಿ ಇಲ್ಲ ಎಂದೆ.

ಇವೆಲ್ಲ ಸಣ್ಣಪುಟ್ಟವು. ನಾನು ನಿಜವಾಗಿ ಹೇಳಬೇಕೆಂದಿರುವುದು ಭಟ್ಟರ ಪಂಚಾಂಗದ ಸಂಗತಿ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಭಟ್ಟರೇ ‘ಬರಿ, ಆದ್ರೆ ನನ್ನ ಹೆಸರು ಹಾಕ್ಬೇಡ’ ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಭಟ್ಟರು ಎಂದಷ್ಟೇ ಇರಲಿ.

ಭಟ್ಟರ ಮನೆ ವಿದ್ಯಾನಗರ. ಅವರ ಅಜ್ಜನ ಕಾಲದಿಂದಲೂ ವರ್ಷಕ್ಕೊಂದು ಪಂಚಾಂಗ ಮಾಡಿ ಅಚ್ಚು ಹಾಕಿಸುವ ಮನೆತನ. ಸುತ್ತಿನ ಎಷ್ಟೋ ಮನೆಗಳಲ್ಲಿ ಮದುವೆ, ಉಪನಯನ, ಹಬ್ಬ ಎಲ್ಲಕ್ಕೂ ಅದನ್ನೇ ನೋಡುತ್ತಾರೆ. ಮೊದಲು ಕೈಯಲ್ಲಿ ಗುಣಿಸುತ್ತಿದ್ದ ಭಟ್ಟರು ಹತ್ತು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಗುಣಿಸುತ್ತಿದ್ದರು. ಒಂದೊಂದು ತಿಂಗಳಿಗೆ ಒಂದೊಂದು ಫೈಲು. ದರ್ಭೆಯ ಕಟ್ಟು, ಮಡಿಪಂಚೆಗಳ ಜೊತೆ ಚೀಲದಲ್ಲಿ ಹಿಡಿಸಲಿ ಎಂದು ಅತಿ ತೆಳುವಾದ ಯಂತ್ರ ಕೊಂಡಿದ್ದರು. ಅದು ತುಂಬಿ ತುಳುಕಿ, ಏನು ಒತ್ತಿದರೂ ಯೋಚನೆ ಮಾಡಲು ಶುರುಮಾಡಿತ್ತು.

“ಎಷ್ಟು ನಿಧಾನ ಅಂದ್ರೆ, ಇವತ್ತಿನ ತಿಥಿ ಕೇಳಿದ್ರೆ ಅದು ಹೇಳೋ ಹೊತ್ತಿಗೆ ಮುಂದಿನ ತಿಥಿ ಬಂದಿರುತ್ತೆ ಮಾರಾಯ್ತಿ” ಎಂದರು ಭಟ್ಟರು. “ಸೋಮವಾರ ಪ್ರೆಸ್ಸಿನವರಿಗೆ ಕೊಡ್ಬೇಕು. ಅವತ್ತು ತಪ್ಪಿದ್ರೆ ಅವ್ರು ಬೇರೆ ಕೆಲಸ ತಗೋತಾರೆ. ಯುಗಾದಿಗೆ ಪಂಚಾಂಗ ಇಲ್ಲ ಅಂದ್ರೆ ಅಜ್ಜನ ಕಾಲದಿಂದ ಬಂದಿದ್ದು ನನ್ನ ಕೈಯಲ್ಲಿ ನಿಂತ ಹಾಗೆ.”

ಮೆಮೊರಿಯನ್ನು ಹೆಚ್ಚಿಸಲಾಗದು, ಹುಟ್ಟುವಾಗಲೇ ಬೆಸೆದಿದ್ದಾರೆ ಎಂದೆ. “ಪೂರ್ವಜನ್ಮದ್ದು ಅಂತಾಯ್ತು. ಅದಕ್ಕೆ ಶಾಂತಿ ಇಲ್ಲ” ಎಂದು ತಕ್ಷಣ ಒಪ್ಪಿದರು. ಅಷ್ಟು ಬೇಗ ಅರ್ಥ ಮಾಡಿಕೊಂಡ ಗಿರಾಕಿ ನನಗೆ ಬೇರೆ ಸಿಕ್ಕಿಲ್ಲ. ಸ್ಟೋರೇಜ್ ಬದಲಾಯಿಸೋಣ, ಬೆರಳುದ್ದದ ಒಂದು ಸ್ಟಿಕ್, ಹಳೆಯದನ್ನು ತೆಗೆದು ದೊಡ್ಡದನ್ನು ಹಾಕಿದರೆ ಯಂತ್ರ ಚುರುಕಾಗುತ್ತದೆ ಎಂದೆ. ಪಂಚಾಂಗದ ಪ್ರತಿ ಬೇರೆ ಎಲ್ಲಾದರೂ ಇದೆಯೇ ಎಂದೂ ಕೇಳಿದೆ.

“ಬೇರೆ ಯಾಕಮ್ಮ? ಇದ್ರಲ್ಲೇ ಇದೆಯಲ್ಲ” ಎಂದರು.

ಗುರುವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಯಂತ್ರ ಬಿಚ್ಚುವ ಮುಹೂರ್ತ ಎಂದು ಅವರೇ ಗೊತ್ತು ಮಾಡಿದರು. ಅಂಗಡಿಯ ಬಾಗಿಲು ತೆರೆದ ಮುಹೂರ್ತವನ್ನೂ ಅವರೇ ಇಟ್ಟಿದ್ದರಿಂದ ರಾಯರು ತಲೆಯಾಡಿಸಿದರು.

ಇಲ್ಲಿ ನನ್ನ ಕೆಲಸದ ಪದ್ಧತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನನ್ನ ಮೇಜಿನ ಮೇಲೆ ಎರಡು ಗೂಡಿನ ಒಂದು ಪೆಟ್ಟಿಗೆಯನ್ನು ಸ್ಕ್ರೂ ಹಾಕಿ ಕೂರಿಸಿದ್ದೆವು. ಎಡಗೂಡಿಗೆ ಹಳೆಯ ಸ್ಟಿಕ್, ಬಲಗೂಡಿಗೆ ಹೊಸ ಸ್ಟಿಕ್. ಕೆಂಪು ಗುಂಡಿ ಒತ್ತಿದರೆ ಬಲಗೂಡಿನಲ್ಲಿರುವುದು ಪೂರ್ತಿ ಒರೆಸಿ ಖಾಲಿಯಾಗುತ್ತದೆ. ಆಮೇಲೆ ಹಸಿರು ಗುಂಡಿ ಒತ್ತಿದರೆ ಎಡಗೂಡಿನದು ಬಲಗೂಡಿಗೆ ನಕಲಾಗುತ್ತದೆ. ಹೊಚ್ಚ ಹೊಸ ಸ್ಟಿಕ್ಕನ್ನು ಒರೆಸುವ ಅಗತ್ಯವಿಲ್ಲ. ಆದರೆ ರಾಯರು ಬಿಡುತ್ತಿರಲಿಲ್ಲ. “ಹೊಸ ಪಾತ್ರೆ ಅಂತ ತೊಳೀದೇ ಅಡುಗೆ ಮಾಡ್ತೀಯೇನಮ್ಮ?” ಎನ್ನುತ್ತಿದ್ದರು. ಹಾಗಾಗಿ ನಮ್ಮ ಅಂಗಡಿಯಲ್ಲಿ ಮೊದಲು ಕೆಂಪು, ಆಮೇಲೆ ಹಸಿರು.

ಗೂಡಿನ ಮೇಲಿದ್ದ ಅಕ್ಷರಗಳು ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಯಾವತ್ತೋ ಮಾಸಿದ್ದವು. ನನಗೋ ಚಿಕ್ಕಂದಿನಿಂದ ಎಡಬಲ ಗೊಂದಲ. ಊಟ ಮಾಡುವ ಕೈ ಯಾವುದು ಎಂದು ಯೋಚಿಸಿಯೇ ಹೇಳಬೇಕು. ಹಾಗಾಗಿ ನಾನು ಬೇರೆ ಗುರುತು ಇಟ್ಟುಕೊಂಡಿದ್ದೆ. ನಾನು ಕೂತಾಗ ಎಡಕ್ಕೆ ಅಂಗಡಿಯ ಗೋಡೆ, ಬಲಕ್ಕೆ ರಸ್ತೆ. ಗೋಡೆ ಕಡೆ ಹಳೆಯದು, ರಸ್ತೆ ಕಡೆ ಹೊಸದು. ವರ್ಷಗಟ್ಟಲೆ ಕೈ ತಾನಾಗಿ ಹೋಗುತ್ತಿತ್ತು. ಒಂದು ಸಲವೂ ತಪ್ಪಿರಲಿಲ್ಲ.

ಗುರುವಾರ ಭಟ್ಟರು ಹತ್ತೂವರೆಗೇ ಬಂದು ನನ್ನ ಮುಂದೆ ನಿಂತರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ನೀನು ಯಾವ ದಿಕ್ಕಿಗೆ ಕೂತಿದೀಯಮ್ಮ?” ಎಂದು ಕೇಳಿದರು.

“ಗೊತ್ತಿಲ್ಲ ಭಟ್ರೇ. ಫ್ಯಾನ್ ಗಾಳಿ ಬರೋ ದಿಕ್ಕಿಗೆ.”

ಭಟ್ಟರು ಮೊಬೈಲಿನಲ್ಲಿ ದಿಕ್ಸೂಚಿ ತೆರೆದರು. ನನ್ನ ಮೇಜಿನ ಮೇಲೆ ಸ್ಕ್ರೂ ಹಿಡಿಯುವ ಅಯಸ್ಕಾಂತ, ಬಿಚ್ಚಿಟ್ಟ ಸ್ಪೀಕರು, ಏನೇನೋ ಇದ್ದವು. ಮುಳ್ಳು ಗಿರಗಿರ ತಿರುಗಿತು. ಒಮ್ಮೆ ಪೂರ್ವ ಕಾಫಿ ಅಂಗಡಿಯ ಕಡೆ, ಒಮ್ಮೆ ರಾಯರ ಕಡೆ, ಒಮ್ಮೆ ಮೇಲಕ್ಕೆ. “ನಿಮ್ಮಂಗಡೀಲಿ ಮೂರು ಪೂರ್ವ ಇದೆ ರಾಯ್ರೇ” ಎಂದು ಹೇಳಿ, ರಸ್ತೆಗಿಳಿದು ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನೇ ನೋಡಿ ಬಂದರು. ಹಿಂದೆ ಎರಡು ಆಟೋ ಹಾರ್ನ್ ಹೊಡೆಯುತ್ತ ನಿಂತಿದ್ದವು. ತೀರ್ಮಾನ ಏನೆಂದರೆ ನಾನು ಪಶ್ಚಿಮಕ್ಕೆ ಕೂತಿದ್ದೆ. ಶುಭಕಾರ್ಯಕ್ಕೆ ಆಗದು, ಪೂರ್ವಕ್ಕೆ ತಿರುಗಬೇಕು.

ಕುರ್ಚಿ ತಿರುಗಿಸಿ ಕೂತರೆ ಮೇಜು ಬೆನ್ನಿಗೆ ಬರುತ್ತದೆ. ಆದ್ದರಿಂದ ರಾಯರೂ ಭಟ್ಟರೂ ಸೇರಿ ಮೇಜನ್ನೇ ಎತ್ತಿ ತಿರುಗಿಸಿದರು. ರಾಯರು ‘ಎಡಕ್ಕೆ’ ಎಂದರೆ ಭಟ್ಟರು ‘ಅಪ್ರದಕ್ಷಿಣೆ ಆಗುತ್ತೆ’ ಎಂದು ಬಲಕ್ಕೆ ಎಳೆಯುತ್ತಿದ್ದರು. ಪಡ್ಡಿನ ಹಂಚನ್ನು ನಾನು ಎದೆಗವಚಿಕೊಂಡು ನಿಂತಿದ್ದೆ. ಹತ್ತು ಮೂವತ್ತೆಂಟಕ್ಕೆ ಮೇಜು ಪೂರ್ವಕ್ಕೆ ಮುಖ ಮಾಡಿತು. ಬೆವರು ಒರೆಸಿಕೊಂಡು ರಾಯರು ಕಾಫಿಗೆ ಹೋದರು. ಭಟ್ಟರು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳತೊಡಗಿದರು.

ನಾನು ಯಂತ್ರ ಬಿಚ್ಚಿದೆ. ಬ್ಯಾಟರಿಯ ತಂತಿ ಕಳಚಿದೆ. ಹಳೆಯ ಸ್ಟಿಕ್ ತೆಗೆದು ಗೋಡೆ ಕಡೆಯ ಗೂಡಿಗೆ ಹಾಕಿದೆ. ಹೊಸದನ್ನು ರಸ್ತೆ ಕಡೆಯ ಗೂಡಿಗೆ ಹಾಕಿದೆ. ಕೆಂಪು ಗುಂಡಿ ಒತ್ತಿದೆ.

ದಿನವೂ ಕೆಂಪು ದೀಪ ಮಿನುಗುತ್ತಿದ್ದುದು ರಸ್ತೆ ಕಡೆ. ಅವತ್ತು ಗೋಡೆ ಕಡೆ ಮಿನುಗಿತು. ಏನೋ ಬೇರೆ ಥರ ಇದೆಯಲ್ಲ ಎನಿಸಿತು, ಏನು ಎಂದು ಹೊಳೆಯಲಿಲ್ಲ. ಪೂರ್ವ ದಿಕ್ಕಿನ ಪ್ರಭಾವ ಇರಬಹುದು ಎಂದುಕೊಂಡು ನೋಡುತ್ತಲೇ ಕೂತಿದ್ದೆ. ಆಮೇಲೆ ಹೊಳೆಯಿತು. ಮೇಜಿನ ಜೊತೆ ಪೆಟ್ಟಿಗೆಯೂ ತಿರುಗಿದೆ. ಗೋಡೆ ಮಾತ್ರ ಇದ್ದಲ್ಲೇ ಇದೆ.

ವೈರನ್ನು ಕಿತ್ತು ಎಸೆದೆ. ‘ಅಯ್ಯೋ’ ಎನ್ನಲೂ ಆಗಲಿಲ್ಲ. ಜೀವಮಾನದಲ್ಲಿ ಅದೊಂದು ಸಲ ನನ್ನ ಮುಖದಲ್ಲಿ ಏನೂ ಕಾಣಿಸದೆ ಹೋಯಿತು. ಒಂದು ವರ್ಷ ಕೂತು ಗುಣಿಸಿದ್ದು, ಅಜ್ಜನ ಕಾಲದಿಂದ ಬಂದದ್ದು, ಎಷ್ಟೋ ಮನೆಯವರು ಕಾಯುತ್ತಿದ್ದದ್ದು. ಅದನ್ನು ನಾನು ಹೊಸ ಪಾತ್ರೆ ಎಂದು ತೊಳೆದುಬಿಟ್ಟಿದ್ದೆ. ಭಟ್ಟರು ಕಣ್ಣು ಮುಚ್ಚಿ ಕೂತಿದ್ದರು. ತುಟಿಯ ಮೇಲೆ ಸಣ್ಣ ನಗು ಕೂಡ ಇತ್ತು.

ರಾಯರ ಎರಡನೆಯ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಬಂದಾಗಲೇ ಹಾಗಿತ್ತು ಭಟ್ರೇ, ಹಳೆಯ ಸ್ಟಿಕ್ ಸತ್ತುಹೋಗಿತ್ತು. ಹೇಳಿದ್ದರೆ ಅವರು ನಂಬುತ್ತಿದ್ದರು. ಹಾಗೆ ಹೇಳದೆ ಇದ್ದದ್ದು ನನ್ನ ದೊಡ್ಡತನವಲ್ಲ. ಸ್ಟಿಕ್ ಸತ್ತಿದೆ ಎಂದರೆ ಅವರು ಅದನ್ನು ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಉಳಿದಿರುವುದನ್ನಾದರೂ ಹೊರತೆಗೆಯಬೇಕಾದರೆ ಅದು ನನ್ನ ಕೈಯಲ್ಲೇ ಇರಬೇಕಿತ್ತು.

“ಭಟ್ರೇ, ಒಂದು ತಪ್ಪಾಯ್ತು. ನಿಮ್ಮ ಪಂಚಾಂಗ ಇರೋದನ್ನೇ ಒರೆಸ್ಬಿಟ್ಟೆ. ಪೂರ್ತಿ ಹೋಗಿಲ್ಲ, ಅರ್ಧದಲ್ಲೇ ನಿಲ್ಲಿಸಿದೀನಿ. ಎಷ್ಟು ಉಳಿದಿದೆಯೋ ಗೊತ್ತಿಲ್ಲ.”

ಭಟ್ಟರು ಕಣ್ಣು ತೆರೆದರು. ಬೈಯುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಒಂದೇ. “ಎಷ್ಟು ಹೊತ್ತಿಗೆ ಒತ್ತಿದೆ?”

“ಹತ್ತು ನಲವತ್ತೈದಕ್ಕೆ.”

“ಅಂದ್ರೆ ಮುಹೂರ್ತದೊಳಗೇ.” ಮುಖ ಬಿಳಿಚಿಕೊಂಡಿತ್ತು. ಆಮೇಲೆ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ರಸ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಮುಹೂರ್ತ ಇಟ್ಟವನು ನಾನು. ಮೇಜು ತಿರುಗಿಸಿದವನೂ ನಾನು. ನಾನೇ ಇಟ್ಟ ಮುಹೂರ್ತದಲ್ಲಿ ನನ್ನ ಪಂಚಾಂಗವೇ ಹೋಯ್ತು ಅಂತ ಹೊರಗೆ ಗೊತ್ತಾದ್ರೆ, ವಿದ್ಯಾನಗರದಲ್ಲಿ ಒಬ್ರು ಅಂದ್ರೆ ಒಬ್ರು ನನ್ನನ್ನ ಏನಾದ್ರೂ ಕೇಳ್ತಾರೇನೇ? ಯಾರಿಗೂ ಹೇಳ್ಬೇಡ ತಾಯಿ.”

“ನೀವು ರಾಯರಿಗೆ ಹೇಳ್ಬೇಡಿ ಭಟ್ರೇ.”

ಹೀಗೆ ನಮ್ಮಿಬ್ಬರ ಒಪ್ಪಂದವಾಯಿತು.

ಕಿರಿಯರಿಗೆ ಒಂದು ಮಾತು. ಒರೆಸಿದ ಸ್ಟಿಕ್ಕಿನಿಂದ ಉಳಿದದ್ದನ್ನು ಹೆಕ್ಕುವ ಸಾಫ್ಟ್‌ವೇರುಗಳಿವೆ. ಅದೃಷ್ಟ ನೆಟ್ಟಗಿದ್ದರೆ ಕೆಲಸ ಮಾಡುತ್ತವೆ. ಆದರೆ ಫೈಲಿನ ಹೆಸರು ಬರುವುದಿಲ್ಲ, ಬರೀ ನಂಬರು ಬರುತ್ತದೆ. ಗುರುವಾರ ಸಂಜೆ ಅಂಥದೊಂದನ್ನು ರಾತ್ರಿಯಿಡೀ ಓಡಲು ಬಿಟ್ಟು ಬಂದೆ. ಶುಕ್ರವಾರ ಬೆಳಿಗ್ಗೆ ಹೋಗಿ ನೋಡಿದರೆ ಸಾವಿರಾರು ಫೈಲುಗಳು ಹೆಸರಿಲ್ಲದೆ ಬಿದ್ದಿದ್ದವು. ಹನ್ನೆರಡು ತಿಂಗಳು ಇವುಗಳ ನಡುವೆ ಎಲ್ಲೋ ಇರಬೇಕು. ಒಂದೊಂದನ್ನೇ ತೆರೆದು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ. ಭಟ್ಟರು ಸಂಧ್ಯಾವಂದನೆ ಮುಗಿಸಿ ನೇರ ಅಂಗಡಿಗೆ ಬಂದು ಪಕ್ಕದಲ್ಲಿ ಕೂತರು.

ಮೊದಲ ಒಂದು ಗಂಟೆ ಬರೀ ಗುಲಾಬಿ. ಶುಭೋದಯ ಎಂದು ಬರೆದ ಗುಲಾಬಿ, ಶುಭರಾತ್ರಿ ಎಂದು ಬರೆದ ಗುಲಾಬಿ, ಕಾಫಿ ಲೋಟದ ಪಕ್ಕದ ಗುಲಾಬಿ. “ಇಷ್ಟೊಂದು ಯಾಕೆ ಇಟ್ಕೊಂಡಿದೀರಿ ಭಟ್ರೇ?” ಎಂದರೆ, “ಯಾರೋ ಪ್ರೀತಿಯಿಂದ ಕಳಿಸಿದ್ದು, ಹೇಗೆ ಬಿಸಾಕೋದು?” ಎಂದರು. ಆಮೇಲೆ ಹೊಟ್ಟೆ ಕರಗಿಸುವ ವ್ಯಾಯಾಮದ ವಿಡಿಯೋಗಳು. ಭಟ್ಟರು ಕೆಮ್ಮಿದರು. ಅದಾದ ಮೇಲೆ ಒಂದು ಜಾತಕ ಬಂತು. ಹೆಸರು ನೋಡಿದರೆ ಭಟ್ಟರದೇ. ಬರೆದುಕೊಟ್ಟವರು ನಮ್ಮ ಭದ್ರಾವತಿಯ ಬೇರೊಬ್ಬ ಜ್ಯೋತಿಷಿ.

“ನಮ್ದು ನಾವೇ ನೋಡ್ಕೋಬಾರ್ದು ಕಣಮ್ಮ” ಎಂದರು ಭಟ್ಟರು, ಸ್ವಲ್ಪ ಸಂಕೋಚದಿಂದ.

“ಏನಂದ್ರು ಅವ್ರು?”

“ಈ ವರ್ಷ ಯಂತ್ರದಿಂದ ಕಂಟಕ ಇದೆ ಅಂದಿದ್ರು. ನಾನು ಮಿಕ್ಸಿ ಅನ್ಕೊಂಡಿದ್ದೆ. ಆರು ತಿಂಗಳಿಂದ ಮನೇಲಿ ಚಟ್ನಿ ಒರಳಲ್ಲೇ ರುಬ್ಬಿಸ್ತಿದೀನಿ.”

ನಾನು ನಗು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದೆ. ಭಟ್ಟರೂ ನಕ್ಕರು. ಅಷ್ಟು ಹೆದರಿಕೆಯ ನಡುವೆ ಅಷ್ಟು ನಗು ನನಗೆ ಆಮೇಲೆ ಯಾವತ್ತೂ ಬಂದಿಲ್ಲ. ರಾಯರು ಬಂದು, ಇದೇನು ಭಟ್ಟರು ನಿನ್ನೆಯಿಂದ ಇಲ್ಲೇ ಕೂತಿದ್ದಾರೆ ಎಂದು ಕೇಳಿದರು. “ಕಲೀತಾ ಇದೀನಿ ರಾಯ್ರೇ” ಎಂದರು ಭಟ್ಟರು. ರಾಯರು ಹೋದ ಮೇಲೆ ನನ್ನತ್ತ ತಿರುಗಿ, “ಸುಳ್ಳಲ್ಲ ನೋಡು” ಎಂದರು.

ಮಧ್ಯಾಹ್ನದ ಹೊತ್ತಿಗೆ ಮೊದಲ ತಿಂಗಳು ಸಿಕ್ಕಿತು. ಮಾರ್ಗಶಿರ. ಕಳೆದುಹೋದ ಕರು ಕಂಡ ಹಾಗೆ ಭಟ್ಟರು ‘ಬಂತು, ಬಂತು’ ಎಂದು ಎದ್ದು ನಿಂತರು. ಸಂಜೆಯೊಳಗೆ ಚೈತ್ರ, ಆಷಾಢ, ಪುಷ್ಯ. ಶನಿವಾರ ಇನ್ನೇಳು. ನಾನು ಗೋಡೆಗೆ ಚೀಟಿ ಅಂಟಿಸಿ ಸಿಕ್ಕ ತಿಂಗಳಿಗೆ ಗುರುತು ಹಾಕುತ್ತ ಬಂದೆ. ಶನಿವಾರ ಸಂಜೆ ಕೊನೆಯ ಫೈಲನ್ನೂ ತೆರೆದಾಯಿತು. ಅದೂ ಒಂದು ಗುಲಾಬಿಯೇ. ಚೀಟಿಯಲ್ಲಿ ಒಂದು ತಿಂಗಳಿಗೆ ಗುರುತಿರಲಿಲ್ಲ.

“ಭಾದ್ರಪದ ಇಲ್ಲ” ಎಂದೆ.

ಭಟ್ಟರು ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡರು. “ಶಿವಮೊಗ್ಗದಲ್ಲಿ ಕೂತು ಗಣಪತಿ ಹಬ್ಬವನ್ನೇ ಒರೆಸಿಬಿಟ್ಟೆಯಲ್ಲೇ ಮಾರಾಯ್ತಿ! ಬೇರೆ ತಿಂಗಳು ಸಿಗ್ಲಿಲ್ವಾ ನಿಂಗೆ? ಆಷಾಢ ಒರೆಸಿದ್ರೆ ಯಾರೂ ಕೇಳ್ತಿರ್ಲಿಲ್ಲ!”

ನಾನು ಅತ್ತುಬಿಟ್ಟೆ. ಬಸ್ಸಿಗೆ ಹೊತ್ತಾಗಿತ್ತು, ಮರುದಿನ ಭಾನುವಾರ, ಅಂಗಡಿಗೆ ಬೀಗ. ಸೋಮವಾರ ಬೆಳಿಗ್ಗೆ ಪ್ರೆಸ್ಸು. ಭಟ್ಟರು ತಮ್ಮ ಬೆರಳಿನ ಗೆಣ್ಣುಗಳನ್ನು ನೋಡಿಕೊಂಡರು. “ಹತ್ತು ವರ್ಷ ಆಯ್ತು ಕೈಯಲ್ಲಿ ಗುಣಿಸಿ. ಮರೆತಿದೀನೋ ಏನೋ. ನಾಳೆ ನಿಮ್ಮನೇಗೆ ಬರ್ತೀನಿ. ನಮ್ಮನೇಲಿ ಗುಣಿಸಿದ್ರೆ ಹೆಂಡತಿ ಯಾಕೆ ಅಂತ ಕೇಳ್ತಾಳೆ.”

ಭಾನುವಾರ ಅವರು ಚೀಲ ಹಿಡಿದು ಭದ್ರಾವತಿಯ ಬಸ್ಸಿಳಿದಾಗ ನಮ್ಮತ್ತೆಗೆ ಸಂಭ್ರಮ. ಪುರೋಹಿತರು ಮನೆಗೆ ಬಂದರೆಂದರೆ ಯಾವುದೋ ಪೂಜೆ ಇರಲೇಬೇಕು ಎಂದು ಸ್ನಾನ ಮಾಡಿ, ಮಣೆ ಹಾಕಿ, ಯಾವ ದೇವರದ್ದು ಎಂದು ಕೇಳಿದರು. ಭಟ್ಟರು ಗಂಭೀರವಾಗಿ “ಗಣಪತೀದೇ ಅಮ್ಮ” ಎಂದರು. ಅತ್ತೆ ಅಲ್ಲೇ ಎರಡು ಗಂಟೆ ಕೈಮುಗಿದು ಕೂತಿದ್ದರು.

ಮೊದಲ ದಿನದ ತಿಥಿ ಗುಣಿಸಲು ಭಟ್ಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಹಣೆಯಲ್ಲಿ ಬೆವರು. ಎರಡನೆಯ ದಿನಕ್ಕೆ ಅರ್ಧ ಗಂಟೆ. ಚೌತಿಗೆ ಬರುವ ಹೊತ್ತಿಗೆ ಬೆರಳು ಗೆಣ್ಣಿನ ಮೇಲೆ ತಾನಾಗಿ ಓಡುತ್ತಿತ್ತು, ಬಾಯಿ ಯಾವುದೋ ಶ್ಲೋಕ ಹೇಳುತ್ತಿತ್ತು. ಘಳಿಗೆ ವಿಘಳಿಗೆಗಳನ್ನು ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಸಾಲೊಂದು ಮುಗಿದಾಗಲೆಲ್ಲ ಮೂರು ಕಡೆ ಉಳಿಸಿದೆ, ಯಂತ್ರದಲ್ಲಿ, ಪೆನ್‌ಡ್ರೈವಿನಲ್ಲಿ, ಕೊನೆಗೆ ಅತ್ತೆಯ ಮೊಬೈಲಿನಲ್ಲೂ. ಹೊತ್ತು ಮುಳುಗುವ ಮೊದಲು ಅಮಾವಾಸ್ಯೆ ಬಂತು. ಭಟ್ಟರು ಪೆನ್ಸಿಲ್ ಕೆಳಗಿಟ್ಟು, ಕಣ್ಣೊರೆಸಿಕೊಂಡರು.

“ನನ್ನಪ್ಪ ಹೀಗೇ ಕೂರಿಸ್ಕೊಂಡು ಹೇಳಿಕೊಟ್ಟಿದ್ದು. ಯಂತ್ರ ಬಂದ್ಮೇಲೆ ತಲೆಗೆ ಕೆಲಸ ಇರಲಿಲ್ಲ. ಹೋಗಿದೆ ಅನ್ಕೊಂಡಿದ್ದೆ. ಇದೆ” ಎಂದರು. ಅತ್ತೆ ಮಂಗಳಾರತಿ ಯಾವಾಗ ಎಂದು ಕೇಳಿದರು.

ಸೋಮವಾರ ಪಂಚಾಂಗ ಪ್ರೆಸ್ಸಿಗೆ ಹೋಯಿತು. ಯುಗಾದಿಗೆ ಎಂಟು ದಿನ ಮುಂಚೆ ಭಟ್ಟರು ಅಂಗಡಿಗೆ ಬಂದು ಕುಂಕುಮ ಹಚ್ಚಿದ ಹೊಸ ಪಂಚಾಂಗದ ಒಂದು ಪ್ರತಿಯನ್ನು ರಾಯರಿಗೆ ಕೊಟ್ಟು, ಇನ್ನೊಂದನ್ನು ನನ್ನ ಕೈಗಿಡುವಾಗ ಕಣ್ಣು ಮಿಟುಕಿಸಿ ಹೋದರು. ನಾನು ಮೊದಲು ಭಾದ್ರಪದ ತೆರೆದು ನೋಡಿದೆ. ಚೌತಿ ಇದ್ದಲ್ಲೇ ಇತ್ತು.

ರಾಯರು ತಮ್ಮ ಪ್ರತಿಯನ್ನು ಕೊನೆಯಿಂದ ಓದುವವರು. ಕೊನೆಯ ಪುಟದಲ್ಲಿ ಬೀಜ ಬಿತ್ತಲು, ಬಾವಿ ತೋಡಲು, ಮಗುವಿಗೆ ಕಿವಿ ಚುಚ್ಚಿಸಲು ಯಾವ ಯಾವ ದಿನ ಒಳ್ಳೆಯದು ಎಂಬ ಪಟ್ಟಿ ಇರುತ್ತದೆ. ಅಲ್ಲಿಗೆ ಬಂದು ನಿಂತರು. ಕನ್ನಡಕ ಒರೆಸಿ ಮತ್ತೆ ನೋಡಿ, ಜೋರಾಗಿ ಓದಿದರು. “ಗಣಕಯಂತ್ರದಲ್ಲಿರುವುದನ್ನು ನಕಲು ತೆಗೆದಿಡಲು: ವರ್ಷದ ಎಲ್ಲ ದಿನಗಳೂ ಶುಭ. ರಾಹುಕಾಲ ದೋಷವಿಲ್ಲ. ದಿಕ್ಕಿನ ನಿಯಮವಿಲ್ಲ. ಮೇಜನ್ನು ಕದಲಿಸತಕ್ಕದ್ದಲ್ಲ.”

“ಇದೇನಮ್ಮ ವನಜಾ, ಮೇಜಿಗೂ ಇದಕ್ಕೂ ಏನು ಸಂಬಂಧ?”

“ನನಗೇನು ಗೊತ್ತು ಸರ್. ಓದಿದವರು ಬರೆದಿದಾರೆ.”

ಭಟ್ಟರ ಮಾತೆಂದರೆ ರಾಯರಿಗೆ ವೇದ. ಮರುದಿನವೇ ಗಾರೆ ಕೆಲಸದವನನ್ನು ಕರೆಸಿ, ನನ್ನ ಮೇಜಿನ ನಾಲ್ಕೂ ಕಾಲುಗಳನ್ನು ಸಿಮೆಂಟು ಹಾಕಿ ನೆಲಕ್ಕೆ ಕೂರಿಸಿದರು. ಭಟ್ಟರು ತಿರುಗಿಸಿದ ದಿಕ್ಕಿಗೇ, ಪೂರ್ವಕ್ಕೆ. ನಾನು ಬಾಯಿ ಬಿಡುವ ಹಾಗಿರಲಿಲ್ಲ. ಮುಂದಿನ ಆರು ವರ್ಷ, ಕೆಲಸ ಬಿಡುವ ದಿನದವರೆಗೂ, ಕೆಂಪು ಗುಂಡಿ ಒತ್ತುವ ಮೊದಲು ಪ್ರತಿ ಸಲ ಎದ್ದು ಹೋಗಿ, ರಸ್ತೆ ಯಾವ ಕಡೆ ಇದೆ ಎಂದು ನೋಡಿಕೊಂಡು ಬಂದು ಕೂರುತ್ತಿದ್ದೆ.